ಮಿಡಿತಕ್ಕೆ ಎಷ್ಟು ಮಾತು?

ಮಕ್ಕಳೇ, ಎಡಗೈಯನ್ನು ಅಂಗಾತ ಇಟ್ಟುಕೊಳ್ಳಿ. ಹೆಬ್ಬೆರಳಿನ ಬುಡಕ್ಕೆ ನೇರವಾಗಿ, ಮಣಿಕಟ್ಟಿನ ಮೇಲೆ, ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಮೆಲ್ಲಗೆ ಒತ್ತಿ. ಹೆಬ್ಬೆರಳಿನಿಂದ ಒತ್ತಬೇಡಿ, ಅದರ ನಾಡಿಯೇ ನಿಮ್ಮ ಲೆಕ್ಕ ತಪ್ಪಿಸಬಹುದು. ಚರ್ಮದಡಿಯಿಂದ ಏನೋ ಬೆರಳನ್ನು ಮತ್ತೆ ಮತ್ತೆ ತಳ್ಳುತ್ತಿದೆ, ಅಲ್ಲವೇ?

ಅಲ್ಲೊಂದು ಅಪಧಮನಿ ಇದೆ. ಹೃದಯ ಪ್ರತಿ ಸಲ ಹಿಂಡಿಕೊಂಡು ರಕ್ತವನ್ನು ಹೊರದೂಡಿದಾಗ ಒತ್ತಡದ ಅಲೆಯೊಂದು ಅಪಧಮನಿಗಳ ಉದ್ದಕ್ಕೂ ಓಡುತ್ತದೆ. ಈ ಅಲೆ ರಕ್ತಕ್ಕಿಂತ ಬಹಳ ವೇಗವಾಗಿ ಸಾಗುತ್ತದೆ. ಶಾಲೆಯ ಸಾಲಿನಲ್ಲಿ ಹಿಂದಿನವರು ತಳ್ಳಿದರೆ ತಳ್ಳಿದವರು ಹಿಂದೆಯೇ ಇರುತ್ತಾರೆ, ತಳ್ಳು ಮಾತ್ರ ಕ್ಷಣದಲ್ಲಿ ಮುಂದಿನವರನ್ನು ಮುಟ್ಟುತ್ತದೆ. ಇದೂ ಹಾಗೆಯೇ.

ಬೆರಳಿಗೆ ಸಿಗುವ ಈ ತಳ್ಳನ್ನು ನಾವು ‘ಮಿಡಿತ’ ಎನ್ನುತ್ತೇವೆ. ವೀಣೆಯ ತಂತಿಯನ್ನು ಬೆರಳಿನಿಂದ ಮೀಟುವುದಕ್ಕೂ ಇದೇ ಮಾತು. ತಮಿಳರ ನಾಡಿ ‘ತುಡಿ’ಯುತ್ತದೆ. ನಾಡಿಗೆ ಇಂಗ್ಲಿಷಿನವರು ಹೇಳುವ ‘ಪಲ್ಸ್’ ಲ್ಯಾಟಿನ್ನಿನಿಂದ ಬಂದದ್ದು. ತಳ್ಳು, ಬಡಿ ಎಂಬುದೇ ಅದರ ಮೂಲ ಅರ್ಥ.

ಈಗ ಬೆರಳು ತೆಗೆದು, ಗೆಳೆಯರ ಎದೆಗೆ ಕಿವಿಯಿಡಿ. ಬೆರಳಿಗೆ ಒಂದೇ ತಳ್ಳು ಸಿಕ್ಕಲ್ಲಿ ಕಿವಿಗೆ ಎರಡು ಸದ್ದು ಸಿಗುತ್ತವೆ. ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಕವಾಟಗಳು ಮುಚ್ಚಿದಾಗ ಮೊದಲ ಸದ್ದು. ರಕ್ತ ಹೊರಹೋಗುವ ಬಾಗಿಲಿನ ಕವಾಟಗಳು ಮುಚ್ಚಿದಾಗ ಎರಡನೆಯದು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗಿಟ್ಟು ಈ ಸದ್ದನ್ನು ಸ್ಪಷ್ಟವಾಗಿ ಕೇಳಿದರು. ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ.

ಕಿವಿ ಕೊಟ್ಟ ಮಾತುಗಳೇ ಬೇರೆ. ಹೆದರಿದಾಗ ನಮ್ಮ ಎದೆ ‘ಡವಡವ’ ಎನ್ನುತ್ತದೆ. ತೆಲುಗಿನಲ್ಲಿ ‘ದಡದಡ’, ಹಿಂದಿಯಲ್ಲಿ ‘ಧಕ್ ಧಕ್’, ಜಪಾನಿನಲ್ಲಿ ‘ದೋಕಿ ದೋಕಿ’. ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ಭಾಷೆಗಳೂ ಇಲ್ಲಿ ಒಂದೇ ಉಪಾಯ ಹೂಡಿವೆ. ಸದ್ದು ಮರುಕಳಿಸುತ್ತದೆ, ಅದಕ್ಕೇ ಮಾತೂ ಮರುಕಳಿಸುತ್ತದೆ. ನಿಮ್ಮ ವ್ಯಾಕರಣ ಪುಸ್ತಕ ಇಂಥ ಪದಗಳನ್ನು ಅನುಕರಣಾವ್ಯಯ ಎನ್ನುತ್ತದೆ. ಜರ್ಮನ್ನರು ಬಾಗಿಲು ತಟ್ಟುವುದಕ್ಕೂ ಎದೆ ಬಡಿದುಕೊಳ್ಳುವುದಕ್ಕೂ ‘ಪೊಖೆನ್’ ಎಂಬ ಒಂದೇ ಕ್ರಿಯಾಪದ ಬಳಸುತ್ತಾರೆ.

ಮೂರನೆಯ ದಾರಿ ನೋವಿನದು. ತಲೆನೋವು ಜೋರಾದರೆ ‘ತಲೆ ಸಿಡಿಯುತ್ತಿದೆ’ ಎನ್ನುತ್ತೇವೆ. ಬಿಟ್ಟು ಬಿಟ್ಟು ಒತ್ತಿ ಬರುವ ಹಲ್ಲುನೋವಿಗೆ, ತಲೆನೋವಿಗೆ ಜಪಾನೀಯರು ‘ಝುಕಿ ಝುಕಿ’ ಎನ್ನುತ್ತಾರೆ. ಎದೆಬಡಿತಕ್ಕೆ ಒಂದು ಜೋಡಿಪದ, ನೋವಿಗೆ ಇನ್ನೊಂದು! ಇದು ಸರಿಯಾದ ವಿಂಗಡಣೆಯೇ. ಇಂಥ ನೋವು ನಾಡಿಯ ಜೊತೆಗೇ ಬಡಿಯುತ್ತದೆ ಎಂದು ಬಹುಕಾಲ ನಂಬಿದ್ದರು. 2012ರಲ್ಲಿ ಅಮೆರಿಕದ ಸಂಶೋಧಕರು ಹಲ್ಲುನೋವಿದ್ದವರ ನೋವಿನ ಲಯವನ್ನೂ ನಾಡಿಯ ಲಯವನ್ನೂ ಅಳೆದು ಹೋಲಿಸಿದರು. ಎರಡೂ ಹೊಂದಲಿಲ್ಲ. ನೋವಿನ ಲಯ ನಾಡಿಗಿಂತ ನಿಧಾನವಾಗಿತ್ತು.

ಹೀಗೆ ಬೆರಳು, ಕಿವಿ, ನೋವು ಮೂರೂ ಬೇರೆ ಬೇರೆ ಸುದ್ದಿ ತರುತ್ತವೆ. ಅದಕ್ಕೇ ಮಾತುಗಳೂ ಬೇರೆಬೇರೆಯಾಗಿವೆ. ವೈದ್ಯರು ‘ನೋವು ಹೇಗಿದೆ?’ ಎಂದು ಕೇಳಿದಾಗ ಸರಿಯಾದ ಮಾತು ಸಿಕ್ಕರೆ ಅವರಿಗೂ ದಾರಿ ಸಿಗುತ್ತದೆ.

ನಾಳೆ ತರಗತಿಯಲ್ಲಿ ಒಂದು ಕೆಲಸ ಮಾಡಿ. ಹಾಳೆಯಲ್ಲಿ ಮೂರು ಕಂಬಸಾಲು ಎಳೆದು ಬೆರಳು, ಕಿವಿ, ನೋವು ಎಂದು ಬರೆಯಿರಿ. ತುಳು, ಕೊಂಕಣಿ, ಉರ್ದು, ಕೊಡವ ಮಾತಾಡುವ ಗೆಳೆಯರನ್ನೂ ಅವರ ಅಜ್ಜಿಯರನ್ನೂ ಕೇಳಿ ತುಂಬಿಸಿ. ನಿಮ್ಮ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ, ಆ ಸಂಖ್ಯೆಯನ್ನೂ ಬರೆದುಕೊಳ್ಳಿ. ಒಂದು ಸುತ್ತು ಓಡಿ ಬಂದು ಮತ್ತೆ ಎಣಿಸಿ. ಆಗ ಎಷ್ಟು ಹೆಚ್ಚಾಯಿತು? ಯಾವ ಭಾಷೆಯ ಯಾವ ಪದ ಆ ವೇಗಕ್ಕೆ ಚೆನ್ನಾಗಿ ಒಪ್ಪುತ್ತದೆ?