ಆಫೀಸಾ, ಮನೆನಾ? ಮೊದಲು ಕೆಲಸ ನೋಡಿ

ಇವತ್ತಿನ ಮಾತು ನಮ್ಮ ಐಟಿ ಮಂದಿಯ ಹಳೇ ಜಗಳದ ಬಗ್ಗೆ. ಟೀಮು ಆಫೀಸಿಗೆ ಬರಬೇಕಾ, ಮನೆಯಿಂದಲೇ ಕೆಲಸ ಮಾಡಬೇಕಾ?

ನಾನಿರೋದು ಪುಣೆಯಲ್ಲಿ, ಒಂಬತ್ತು ಜನರ ಟೀಮಿಗೆ ಲೀಡ್. ಕೊಥ್ರುಡ್‌ನಿಂದ ಹಿಂಜವಡಿಗೆ ಹೋಗಿ ಬರೋಕೆ ದಿನಕ್ಕೆ ಎರಡೂವರೆ ಗಂಟೆ. 2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹೊತ್ತು ಮನೆಗೆ ಬಂದವನಿಗೆ, ಮತ್ತೆ ಆಫೀಸು ಅಂದ್ರೆ ಸಿಟ್ಟೇ ಬರ್ತಿತ್ತು. ಹೋದ ವರ್ಷ ಮ್ಯಾನೇಜರ್, "ನಿಮ್ಮ ಟೀಮಿಗೆ ಯಾವುದು ಸರಿ, ನೀವೇ ಹೇಳಿ" ಅಂದ್ರು. "ಮನೆ" ಅಂತ ಹೇಳಿಬಿಡ್ತಿದ್ದೆ. ಆದ್ರೆ ಇಬ್ಬರು ನೆನಪಾದ್ರು.

ಒಬ್ಬ, ಆಗಷ್ಟೇ ಕಾಲೇಜು ಮುಗಿಸಿ ಬಂದ ಹುಡುಗ. ಸ್ಟ್ಯಾಂಡಪ್‌ನಲ್ಲಿ ದಿನಾ "ಮಾಡ್ತಾ ಇದೀನಿ ಸರ್" ಅಂತಿದ್ದ. ಮೂರನೇ ದಿನ ಸ್ಕ್ರೀನ್ ಶೇರ್ ಮಾಡಿಸಿದೆ. ಕಾನ್ಫಿಗರೇಶನ್ ಫೈಲಲ್ಲಿ ಒಂದು ಸಾಲು ತಪ್ಪು, ಅಷ್ಟೇ. "ಯಾಕಪ್ಪಾ ಕೇಳಲಿಲ್ಲ?" ಅಂದೆ. "ನಿಮ್ಮ ಕ್ಯಾಲೆಂಡರ್ ಫುಲ್ ಇತ್ತು ಸರ್. ಇಷ್ಟು ಸಣ್ಣದಕ್ಕೆ ಕಾಲ್ ಮಾಡೋದಾ ಅನಿಸ್ತು." ನಾನು ದಿನಾ ಉಳಿಸಿಕೊಂಡ ಎರಡೂವರೆ ಗಂಟೆಯ ಬೆಲೆಯನ್ನ ಆ ಹುಡುಗ ಕಟ್ತಾ ಇದ್ದ.

ಇನ್ನೊಬ್ಬರು ಹುಬ್ಬಳ್ಳಿಯವರು, ಟೀಮಿನಲ್ಲಿ ಎಲ್ಲರಿಗಿಂತ ಹಳಬರು. ಊರಲ್ಲಿ ತಾಯಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಣ್ಣ ತಂಗಿ ಸರದಿ ಮೇಲೆ ನೋಡ್ಕೊಳ್ತಾರೆ. "ಐದೂ ದಿನ ಬರಬೇಕಂದ್ರ ಪೇಪರ್ ಹಾಕ್ತೀನ್ರೀ" ಅಂದಿದ್ರು.

ಸಂಶೋಧನೆ ಏನು ಹೇಳುತ್ತೆ? ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಚೀನಾದ ಒಂದೇ ಪ್ರವಾಸ ಕಂಪನಿಯಲ್ಲಿ ಎರಡು ಪ್ರಯೋಗ ಮಾಡಿದ್ದಾರೆ. ಮೊದಲನೆಯದು ಕಾಲ್ ಸೆಂಟರ್‌ನಲ್ಲಿ. ವಾರಕ್ಕೆ ನಾಲ್ಕು ದಿನ ಮನೆಯಿಂದ ಮಾಡಿದವರ ಕೆಲಸ 13% ಹೆಚ್ಚಾಯ್ತು. ಆದರೂ ಆಮೇಲೆ ಆಯ್ಕೆ ಕೊಟ್ಟಾಗ ಅವರಲ್ಲಿ ಸುಮಾರು ಅರ್ಧ ಜನ ಆಫೀಸಿಗೇ ವಾಪಸ್ ಬಂದ್ರು. ಎರಡನೆಯದು 2024ರಲ್ಲಿ ಪ್ರಕಟವಾಯ್ತು. ಎಂಜಿನಿಯರ್‌ಗಳೂ ಸೇರಿ 1612 ಜನ, ವಾರಕ್ಕೆ ಎರಡು ದಿನ ಮನೆ. ಕೆಲಸ ಬಿಡೋರು ಮೂರನೇ ಒಂದು ಭಾಗ ಕಡಿಮೆಯಾದ್ರು, ರೇಟಿಂಗ್, ಬಡ್ತಿಗೆ ಏನೂ ಪೆಟ್ಟು ಬೀಳಲಿಲ್ಲ.

ಕಾಲ್ ಸೆಂಟರ್‌ನ ಒಂದು ಕರೆ ಒಬ್ಬರಲ್ಲೇ ಶುರುವಾಗಿ ಅವರಲ್ಲೇ ಮುಗಿಯುತ್ತೆ. ನಮ್ಮ ಕೆಲಸ ಹಾಗಲ್ಲ. ಅದಕ್ಕೇ ನಾನು ಎರಡು ವಾರದ ಕೆಲಸವನ್ನೆಲ್ಲ ಒಂದು ಶೀಟಲ್ಲಿ ಬರೆದೆ. ಕೋಡಿಂಗ್, ಟೆಸ್ಟಿಂಗ್, ಡಾಕ್ಯುಮೆಂಟ್: ಒಬ್ಬರೇ ಕೂತು ಮಾಡೋದು. ಡಿಸೈನ್ ಚರ್ಚೆ, ಪ್ಲ್ಯಾನಿಂಗ್, ಹೊಸಬರಿಗೆ ಕಲಿಸೋದು: ಕೂಡಿ ಮಾಡೋದು. ಕೂಡಿ ಮಾಡೋದು ಎರಡು ದಿನಕ್ಕೆ ಸಾಕಾಗೋಷ್ಟಿತ್ತು.

ಹಾಗಾಗಿ ಮಂಗಳವಾರ, ಬುಧವಾರ ಎಲ್ಲರೂ ಆಫೀಸು. ಅವರವರ ಇಷ್ಟದ ದಿನ ಬಂದ್ರೆ ಟ್ರಾಫಿಕ್ಕೂ ಅನುಭವಿಸಿ, ಅಲ್ಲೂ ಹೆಡ್‌ಫೋನ್ ಹಾಕ್ಕೊಂಡು ಕಾಲ್‌ನಲ್ಲೇ ಕೂರಬೇಕು. ಉಳಿದ ಮೂರು ದಿನ ಮನೆ. ಆ ದಿನಗಳಲ್ಲಿ ಸಂಜೆ ನಾಲ್ಕಕ್ಕೆ ಅರ್ಧ ಗಂಟೆ ನನ್ನ ಕಾಲ್ ತೆರೆದೇ ಇರುತ್ತೆ, ಎಷ್ಟು ಸಣ್ಣ ಪ್ರಶ್ನೆಯಾದ್ರೂ ಸರಿ. ಹುಬ್ಬಳ್ಳಿಯವರು ಎರಡು ವಾರ ಅಲ್ಲಿ, ಎರಡು ವಾರ ಇಲ್ಲಿ. ಅವರು ಅಲ್ಲಿದ್ದಾಗ ಮಾಡಿದ ತೀರ್ಮಾನವನ್ನೆಲ್ಲ ಬರೆದಿಡಲೇಬೇಕು.

ಒಂದು ತಪ್ಪು ಮಾಡಿದೆ. ನಾಗಪುರದಿಂದ ಕೆಲಸ ಮಾಡ್ತಿದ್ದ ಗೆಳೆಯ, "ಅವರಿಗೆ ವಿನಾಯಿತಿ ಇದ್ರೆ ನನಗ್ಯಾಕಿಲ್ಲ?" ಅಂದ. ಅವನ ತಂದೆಗೂ ಆರೋಗ್ಯ ಸರಿಯಿರಲಿಲ್ಲ. ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಮನೆಯಲ್ಲಿ ಕಾಯಿಲೆ ಇದ್ರೆ ಯಾರಿಗಾದ್ರೂ ವಿನಾಯಿತಿ ಅಂತ ನಿಯಮ ಬರೆಯೋ ಹೊತ್ತಿಗೆ ಅವನು ಬೇರೆ ಕಡೆ ಆಫರ್ ತಗೊಂಡಾಗಿತ್ತು.

ನೀವೂ ಟೀಮ್ ನಡೆಸ್ತಿದ್ರೆ, ತೀರ್ಮಾನಕ್ಕೆ ಮುಂಚೆ ಎರಡು ವಾರದ ಕೆಲಸ ಬರೆದು ನೋಡಿ. ಆಮೇಲೆ ಒಬ್ಬೊಬ್ಬರನ್ನೂ ಕರೆದು "ಮನೇಲಿ ಹೇಗಿದೆ?" ಅಂತ ಕೇಳಿ. ನಾನು ಎಂಟು ಜನರಲ್ಲಿ ಒಬ್ಬರನ್ನಷ್ಟೇ ಕೇಳಿದ್ದೆ.