ಜಠರದ ಕ್ಯಾನ್ಸರ್ ಮತ್ತು ಒಬ್ಬ ರೋಗಶಾಸ್ತ್ರಜ್ಞನ ತಾಳ್ಮೆ



ನಮ್ಮ ಸಭೆಗಳಲ್ಲಿ ವೈದ್ಯವಿಜ್ಞಾನದ ಮಾತು ಬಂದಾಗಲೆಲ್ಲ ಇಬ್ನು ಸೀನಾ ಮತ್ತು ಅರ್‍ರಾಝಿಯವರ ಹೆಸರುಗಳು ಬಂದೇ ಬರುತ್ತವೆ. ಬರಬೇಕಾದುದೇ. ಆದರೆ ಸಾವಿರ ವರ್ಷಗಳ ಹಿಂದಿನ ಆ ಮಹನೀಯರನ್ನು ಅಭಿಮಾನದಿಂದ ಸ್ಮರಿಸುವ ನಾವೇ, ಮನೆಯಲ್ಲಿ ತಾಯಿ ಮೂರು ತಿಂಗಳಿಂದ ಹೊಟ್ಟೆನೋವೆಂದು ನರಳುತ್ತಿದ್ದರೂ ಔಷಧದಂಗಡಿಯಿಂದ ಗ್ಯಾಸಿನ ಮಾತ್ರೆ ತಂದುಕೊಟ್ಟು ಸುಮ್ಮನಾಗುತ್ತೇವೆ. ಆದ್ದರಿಂದ ಇಂದು ನಾವು ಆ ಹಳೆಯ ಹೆಸರುಗಳನ್ನು ಬದಿಗಿರಿಸಿ, ನಮ್ಮ ಕಾಲದ ಒಬ್ಬ ರೋಗಶಾಸ್ತ್ರಜ್ಞರ ಬಗ್ಗೆ ಮಾತನಾಡಲು ಬಯಸುತ್ತೇವೆ. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ 1927ರಲ್ಲಿ ಜನಿಸಿದ ಪೆಲಾಯೊ ಕೊರೆಯಾ ಅವರೇ ಆ ವ್ಯಕ್ತಿ.

ರೋಗಶಾಸ್ತ್ರಜ್ಞ, ಅಂದರೆ ಪೆಥಾಲಜಿಸ್ಟ್, ರೋಗಿಯ ನಾಡಿ ಹಿಡಿಯುವುದಿಲ್ಲ. ರೋಗಿಯ ದೇಹದಿಂದ ತೆಗೆದ ಅಕ್ಕಿಕಾಳಿನಷ್ಟು ಮಾಂಸದ ತುಣುಕು ಅವರ ಬಳಿಗೆ ಬರುತ್ತದೆ. ಅದನ್ನು ಕಾಗದಕ್ಕಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲಿರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಅಂತಿಮ ಮಾತು ಅವರದು. ಆದರೂ ಮಗಳು ಎಂಬಿಬಿಎಸ್ ಮುಗಿಸಿ ಈ ವಿಷಯವನ್ನು ಆರಿಸಿಕೊಂಡರೆ, ಇಷ್ಟೆಲ್ಲ ಓದಿ ಲ್ಯಾಬಿನಲ್ಲಿ ಕೂರುವುದೇ ಎಂದು ಮನೆಯವರು ಮುಖ ಸಣ್ಣದು ಮಾಡಿಕೊಳ್ಳುವುದುಂಟು.

ಕಾಲಿ ಎಂಬ ನಗರದ ವಿಶ್ವವಿದ್ಯಾನಿಲಯದಲ್ಲಿದ್ದ ಕೊರೆಯಾ ಲ್ಯಾಬಿನಲ್ಲಿ ಕುಳಿತೇ ಇರಲಿಲ್ಲ. 1962ರಲ್ಲಿ ಅವರು ಅಲ್ಲಿ ಕ್ಯಾನ್ಸರ್ ನೋಂದಣಿಯೊಂದನ್ನು ಪ್ರಾರಂಭಿಸಿದರು. ನಗರದಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಅಂಗದ ಕ್ಯಾನ್ಸರ್ ಬಂತು ಎಂಬುದನ್ನು ತಪ್ಪದೆ ಬರೆದಿಡುವ ಕೆಲಸವದು. (ನಮ್ಮ ಬೆಂಗಳೂರಿನಲ್ಲಿ ಇಂತಹ ನೋಂದಣಿ 1982ರಲ್ಲಿ ಆರಂಭವಾಯಿತು.) ಜಠರದ ಕ್ಯಾನ್ಸರ್ ಬಂದವರ ಹುಟ್ಟೂರನ್ನು ವಿಚಾರಿಸುತ್ತಾ ಹೋದಾಗ ನರಿನ್ಯೊ ಎಂಬ ಪ್ರಾಂತದ ಹೆಸರು ಎದ್ದು ಕಂಡಿತು.

ಸಂಶೋಧನೆ ಆ ಪ್ರಾಂತಕ್ಕೇ ಹೋಯಿತು. ಅಲ್ಲಿ ಕಂಡದ್ದು ಆಶ್ಚರ್ಯಕರವಾಗಿತ್ತು. ಆ್ಯಂಡೀಸ್ ಪರ್ವತದ ಮೇಲಿನ ತುಕೆರೆಸ್‌ನಲ್ಲಿ ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 150 ಮಂದಿಗೆ ಜಠರದ ಕ್ಯಾನ್ಸರ್. ಅಲ್ಲಿಂದ ಸುಮಾರು 200 ಕಿಲೋಮೀಟರ್ ದೂರದ, ಅದೇ ಪ್ರಾಂತದ ಕರಾವಳಿ ಊರಾದ ತುಮಾಕೊದಲ್ಲಿ ಕೇವಲ 6 ಮಂದಿಗೆ. ಒಂದೇ ಸರಕಾರ, ಒಂದೇ ಭಾಷೆ. ಬೆಟ್ಟದವರಿಗೆ ಮಾತ್ರ ಇಪ್ಪತ್ತೈದು ಪಟ್ಟು ಅಪಾಯ. ಇದನ್ನು ವಿಧಿಯೆಂದು ಬಿಟ್ಟುಬಿಡುವುದು ಸುಲಭವಿತ್ತು. ನಾವಾದರೆ ಬಹುಶಃ ಹಾಗೆಯೇ ಮಾಡುತ್ತಿದ್ದೆವು. ವಿಧಿಯಲ್ಲಿ ವಿಶ್ವಾಸವಿರಿಸುವುದು ನಮ್ಮ ಈಮಾನಿನ ಭಾಗ ನಿಜ, ಆದರೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ)ರು ಕಲಿಸಿದ್ದೂ ಅದೇ ಧರ್ಮದಲ್ಲಿ.

ಬೆಟ್ಟದ ಜನರ ಜಠರದ ಒಳಪದರವನ್ನು ಪರೀಕ್ಷಿಸಿದ ಕೊರೆಯಾ ಮತ್ತು ಸಂಗಡಿಗರು 1975ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ವಾದವನ್ನು ಮುಂದಿರಿಸಿದರು. ಜಠರದ ಈ ಕ್ಯಾನ್ಸರ್ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಮೊದಲು ಒಳಪದರದಲ್ಲಿ ಉರಿಯೂತ; ಅದು ಹಳೆಯದಾದಂತೆ ಪದರ ಸವೆಯುತ್ತದೆ; ಸವೆದಲ್ಲಿ ಜಠರದ ಕೋಶಗಳ ಬದಲು ಕರುಳಿನ ಕೋಶಗಳಂಥವು ಬೆಳೆಯುತ್ತವೆ; ಆ ಕೋಶಗಳು ರೂಪಗೆಡುತ್ತವೆ; ಕೊನೆಗೆ ಕ್ಯಾನ್ಸರ್. ಇದಕ್ಕೆ ಹತ್ತಾರು ವರ್ಷಗಳು ಬೇಕು. ಪ್ರತಿ ಮೆಟ್ಟಿಲಿನಲ್ಲೂ ಬಹುಪಾಲು ಜನರು ಅಲ್ಲೇ ನಿಂತುಬಿಡುತ್ತಾರೆ. ವೈದ್ಯರು ಇಂದಿಗೂ ಇದನ್ನು ಕೊರೆಯಾರ ಹೆಸರಿನಿಂದಲೇ ಕರೆಯುತ್ತಾರೆ.

ಮೆಟ್ಟಿಲು ಹತ್ತಿಸುವವರು ಯಾರು? ಬಾವಿನೀರಿನ ನೈಟ್ರೇಟ್ ಮತ್ತು ಆಹಾರದ ಮೇಲೆ ಅವರ ಸಂಶಯವಿತ್ತು. ಆಗ ಬೇರೊಂದು ಖಂಡದಿಂದ ಸುದ್ದಿ ಬಂತು. ಆಸ್ಟ್ರೇಲಿಯದ ಪರ್ತ್ ನಗರದ ಇನ್ನೊಬ್ಬ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ 1979ರಲ್ಲಿ ಜಠರದ ತುಣುಕೊಂದರಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳನ್ನು ಕಂಡಿದ್ದರು. ಜಠರದ ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕದು ಎಂಬುದು ಅಂದಿನ ಪಾಠ. ಪಾಠವನ್ನಲ್ಲ, ತಮ್ಮ ಕಣ್ಣನ್ನು ನಂಬಿದ ವಾರೆನ್, ಯುವ ವೈದ್ಯ ಬ್ಯಾರಿ ಮಾರ್ಷಲ್‌ರೊಂದಿಗೆ ಸೇರಿ ಅದನ್ನು ಸಾಧಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ದೊರೆಯಿತು. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂದು ಕರೆಯಲಾಗುವ ಈ ಬ್ಯಾಕ್ಟೀರಿಯಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು 1994ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಕೊರೆಯಾ ಆಗಲೇ ಹೆಸರುವಾಸಿ. ತಮ್ಮ ಸಿದ್ಧಾಂತದಲ್ಲಿಲ್ಲದ ಈ ಹೊಸ ಕಾರಣವನ್ನು ಅವರು ತಳ್ಳಿಹಾಕಬಹುದಿತ್ತು. ಹಾಗೆ ಮಾಡದೆ, ಮೊದಲ ಮೆಟ್ಟಿಲಿನಲ್ಲೇ ಅದಕ್ಕೆ ಸ್ಥಾನ ಕೊಟ್ಟು ತಮ್ಮ ಬರಹವನ್ನು ತಿದ್ದಿದರು. ಹಿರಿಯರು ಒಮ್ಮೆ ಹೇಳಿದ ಮಾತನ್ನು ತಿದ್ದಿಕೊಂಡರೆ ಗೌರವ ಹೋಗುತ್ತದೆಂದು ಭಾವಿಸುವ ನಮ್ಮ ಜಮಾಅತ್ ಕಮಿಟಿಗಳು ಇದನ್ನು ಗಮನಿಸಬೇಕು.

ಆದರೂ ಒಗಟು ಉಳಿಯಿತು. ಕರಾವಳಿಯ ತುಮಾಕೊದವರ ಹೊಟ್ಟೆಯಲ್ಲೂ ಆ ಬ್ಯಾಕ್ಟೀರಿಯಾ ಧಾರಾಳವಾಗಿತ್ತು! 2014ರಲ್ಲಿ ಪ್ರಕಟವಾದ, ಕೊರೆಯಾರೂ ಪಾಲುಗೊಂಡ ಅಧ್ಯಯನವೊಂದು ಉತ್ತರದ ಒಂದು ಭಾಗವನ್ನು ಕೊಟ್ಟಿತು. ಕರಾವಳಿಯವರು ಬಹುತೇಕ ಆಫ್ರಿಕನ್ ಮೂಲದವರು, ಅವರಲ್ಲಿನ ಬ್ಯಾಕ್ಟೀರಿಯಾದಲ್ಲೂ ಆಫ್ರಿಕನ್ ಮೂಲದ ಅಂಶ ಹೆಚ್ಚು. ತಲೆತಲಾಂತರದಿಂದ ಒಟ್ಟಿಗೆ ಬಂದವರ ನಡುವೆ ಹಾನಿ ಕಡಿಮೆ. ಬೆಟ್ಟದಲ್ಲಿ ಮೂಲನಿವಾಸಿಗಳ ವಂಶದವರ ಹೊಟ್ಟೆಯಲ್ಲಿ ಪರದೇಶದಿಂದ ಬಂದ ಬ್ಯಾಕ್ಟೀರಿಯಾ; ಅಲ್ಲಿ ಹಾನಿ ಹೆಚ್ಚು.

ನಮ್ಮ ದೇಶದಲ್ಲೂ ಈ ಬ್ಯಾಕ್ಟೀರಿಯಾ ಬಹಳ ಜನರಲ್ಲಿದೆ, ಸಾಮಾನ್ಯವಾಗಿ ಬಾಲ್ಯದಲ್ಲಿಯೇ ಅಂಟುತ್ತದೆ. ಜಠರದ ಕ್ಯಾನ್ಸರ್ ಮಾತ್ರ, ಮಿಜೋರಾಮ್‌ನಂತಹ ಪ್ರದೇಶ ಬಿಟ್ಟರೆ, ಆ ಪ್ರಮಾಣದಲ್ಲಿಲ್ಲ. ಆದ್ದರಿಂದ ಯಾರೂ ಗಾಬರಿಯಾಗಬೇಕಾಗಿಲ್ಲ, ಇದನ್ನು ಕೇಳಿ ಸ್ವತಃ ಆ್ಯಂಟಿಬಯೋಟಿಕ್ ಕೊಂಡು ನುಂಗಲೂಬಾರದು. ಆದರೆ ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗಿ ಹೋಗುತ್ತಿದ್ದರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ರಕ್ತಹೀನತೆ ಬಂದರೆ ಅದು ಗ್ಯಾಸ್ ಅಲ್ಲ, ರಮಝಾನಿನ ಉಪವಾಸದ ಪರಿಣಾಮವೂ ಅಲ್ಲ. ಎಂಡೋಸ್ಕೋಪಿ ಮಾಡಿಸಬೇಕು.

ಇಲ್ಲಿಯೇ ನಮ್ಮ ಮನೆಗಳಲ್ಲಿ ಅಡ್ಡಗೋಡೆಯೊಂದು ಏಳುತ್ತದೆ. ಗಡ್ಡೆಗೆ ಚೂರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು. ಎಷ್ಟೋ ಮನೆಗಳಲ್ಲಿ ಈ ಮಾತಿಗೆ ಹೆದರಿ ಬಯಾಪ್ಸಿಯನ್ನು ತಡೆದು, ಆರು ತಿಂಗಳು ಊದಿದ ನೀರು, ತಾಯತಗಳಲ್ಲಿ ಕಳೆದು, ಕೊನೆಗೆ ವೈದ್ಯರು ಕೈಚೆಲ್ಲಿದಾಗ ಅದೇ ವೈದ್ಯರನ್ನು ದೂರಿದ್ದುಂಟು. ಜಠರದಿಂದ ಚೂರು ತೆಗೆದುದರಿಂದ ಕ್ಯಾನ್ಸರ್ ಹರಡುವುದಿಲ್ಲ. ಆ ಚೂರಿಲ್ಲದೆ ರೋಗಿ ಯಾವ ಮೆಟ್ಟಿಲಿನಲ್ಲಿದ್ದಾರೆಂದು ಯಾರೂ ಹೇಳಲಾರರು. ಇನ್ನು ಕೆಲವರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗವನ್ನು ಪರೀಕ್ಷೆಗೆ ಕಳುಹಿಸಲು ಹಣ ಖರ್ಚೆಂದು ಬೇಡವೆನ್ನುತ್ತಾರೆ. ಅದೇ ವಾರ ಮದುವೆಯ ಬಿರಿಯಾನಿಗೆ ಸಾಲ ಮಾಡಿರುತ್ತಾರೆ.

ರಾಜಕಾರಣಿಗಳು ಬಂದಾಗ ನಾವು ಖಬರಸ್ತಾನದ ಆವರಣಗೋಡೆಗೆ ಅನುದಾನ ಕೇಳುತ್ತೇವೆ. ಕೇಳೋಣ. ಆದರೆ ವಾರ್ಡಿಗೆ ಶುದ್ಧ ನೀರನ್ನೂ, ಸರಕಾರಿ ಆಸ್ಪತ್ರೆಗೆ ಎಂಡೋಸ್ಕೋಪಿ ಮತ್ತು ಪೆಥಾಲಜಿಸ್ಟರ ಹುದ್ದೆಯನ್ನೂ ಆ ಮನವಿಯಲ್ಲಿ ಮೊದಲು ಬರೆಯೋಣ. ಖಬರಸ್ತಾನದ ಅಗತ್ಯ ಸ್ವಲ್ಪ ತಡವಾಗಿ ಬಂದರೆ ಯಾರಿಗೂ ನಷ್ಟವಿಲ್ಲ.

ಕೊರೆಯಾರ ಕೊನೆಯ ದೊಡ್ಡ ಕೆಲಸದ ಬಗ್ಗೆ ಹೇಳುವುದು ಬಾಕಿಯಿದೆ. ಹತ್ತಿದ ಮೆಟ್ಟಿಲನ್ನು ಇಳಿಯಬಹುದೇ ಎಂದು ನೋಡಲು ಅವರ ತಂಡ ನರಿನ್ಯೊದ ಬೆಟ್ಟದಲ್ಲಿ 800ಕ್ಕೂ ಹೆಚ್ಚು ಜನರನ್ನು ಆರಿಸಿ, ಕೆಲವರಿಗೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧ, ಕೆಲವರಿಗೆ ವಿಟಮಿನ್ ಕೊಟ್ಟು, ಆರು ವರ್ಷಗಳ ಕಾಲ ಅವರ ಜಠರದ ತುಣುಕುಗಳನ್ನು ಪರೀಕ್ಷಿಸಿತು. 2000ದಲ್ಲಿ ಫಲಿತಾಂಶ ಪ್ರಕಟವಾಯಿತು: ಚಿಕಿತ್ಸೆ ಪಡೆದ ಹಲವರ ಜಠರ ಹಿಂದಿನ ಮೆಟ್ಟಿಲಿಗೆ ಇಳಿದಿತ್ತು. ಆಮೇಲೂ ಅವರನ್ನು ಬಿಟ್ಟುಬಿಡಲಿಲ್ಲ. ಹನ್ನೆರಡು, ಹದಿನಾರು, ಇಪ್ಪತ್ತು ವರ್ಷಗಳ ನಂತರವೂ ಅದೇ ಜನರನ್ನು ಕರೆದು ಪರೀಕ್ಷಿಸಲಾಯಿತು. ಬ್ಯಾಕ್ಟೀರಿಯಾದಿಂದ ಮುಕ್ತರಾಗಿ ಹೆಚ್ಚು ವರ್ಷ ಕಳೆದವರಲ್ಲಿ ಹೆಚ್ಚು ಗುಣ ಕಂಡುಬಂತು. ಪರ್ವತದ ಆ ಬಡ ರೈತರು ಪ್ರತಿ ಬಾರಿಯೂ ಬಂದು, ಗಂಟಲಿಗೆ ಕೊಳವೆ ಇಳಿಸಿಕೊಂಡು, ತಮ್ಮ ಜಠರದ ಚೂರನ್ನು ಕೊಟ್ಟು ಹೋದರು.