ಹಾಜರಿ ಪುಸ್ತಕದ ಖಾಲಿ ಸಂಖ್ಯೆ



“ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಏನು ಮಾಡ್ತೀಯಪ್ಪಾ?” ಎಂದು ನಿನ್ನೆ ಸಂಜೆ ಅರಳಿಕಟ್ಟೆಯಲ್ಲಿ ಹಿರಿಯರೊಬ್ಬರು ಕೇಳಿದರು. ನಾನು ಮಾಡಿದ ಒಂದು ತಪ್ಪನ್ನು ಹೇಳಿದರೆ ಅವರಿಗೆ ಉತ್ತರ ಸಿಗಬಹುದು.

ಹತ್ತನೆಯ ತರಗತಿಯಲ್ಲಿ ನನ್ನ ಹಾಜರಿ ಸಂಖ್ಯೆ 42, ಪಟ್ಟಿಯಲ್ಲಿ ಕೊನೆಯದು. ದಸರಾ ರಜೆ ಮುಗಿದ ಮೇಲೆ 17ನೇ ಸಂಖ್ಯೆಯ ಹುಡುಗ ಟಿ.ಸಿ. ತೆಗೆದುಕೊಂಡು ಹೋದ. ಮೇಷ್ಟ್ರು ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದರು, ಆದರೆ 18ನೆಯವನನ್ನು 17 ಮಾಡಲಿಲ್ಲ. ಇದ್ದವರು 41 ಮಕ್ಕಳಾದರೂ ನಾನು 42 ಆಗಿಯೇ ಉಳಿದೆ. ಮೇಷ್ಟ್ರು ದಿನವೂ ಹದಿನಾರಾದ ಮೇಲೆ ಹದಿನೆಂಟು ಎಂದು ಕೂಗುತ್ತಿದ್ದರು.

ಕಂಪ್ಯೂಟರ್ ಮಾಡಬೇಕಾದ ಕೆಲಸಗಳನ್ನು ಸಾಲಾಗಿ ಬರೆದಿಟ್ಟ ಕಡತಕ್ಕೆ ಶೆಲ್ ಸ್ಕ್ರಿಪ್ಟ್ ಎನ್ನುತ್ತೇವೆ. ಅದರೊಳಗೆ ಹೆಸರುಗಳ ಪಟ್ಟಿ ಇದ್ದರೆ ಅದು ಅರೇ. ಒಂದೊಂದು ಹೆಸರಿನ ಸಂಖ್ಯೆಯೇ ಇಂಡೆಕ್ಸ್. ನಾನು ಬಳಸುವ ಬ್ಯಾಶ್ ಎಂಬ ಶೆಲ್‌ನಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಅದರ ದಾಯಾದಿ ಝಡ್‌ಶೆಲ್ ನಮ್ಮ ಹಾಗೆ ಒಂದರಿಂದ ಎಣಿಸುತ್ತದೆ. ಎರಡರಲ್ಲೂ ದುಡಿಯುವವರ ಪಾಡು ಕೇಳಬೇಡಿ.

ಕಚೇರಿಯೊಂದರ 12 ಕಂಪ್ಯೂಟರುಗಳ ಕಡತಗಳನ್ನು ಪ್ರತಿ ರಾತ್ರಿ ಬೇರೆಡೆ ನಕಲು ಮಾಡಿಡುವ ಸ್ಕ್ರಿಪ್ಟ್ ನನ್ನದಾಗಿತ್ತು. ಇಂಡೆಕ್ಸ್ 0ಯಿಂದ 11ರವರೆಗೆ. ಐದನೆಯ ಕಂಪ್ಯೂಟರ್ ಹಳತಾಗಿ ಮೂಲೆ ಸೇರಿತು. ಪಟ್ಟಿಯನ್ನೇ ತಿದ್ದಲು ಸೋಮಾರಿತನ. ಕೆಳಗೆ ‘ಅನ್‌ಸೆಟ್’ ಎಂಬ ಒಂದು ಸಾಲು ಸೇರಿಸಿ ಇಂಡೆಕ್ಸ್ 4ನ್ನು ತೆಗೆದೆ. ಬ್ಯಾಶ್ ನಮ್ಮ ಮೇಷ್ಟ್ರಂತೆಯೇ ನಡೆದುಕೊಂಡಿತು: 4 ಖಾಲಿಯಾಯಿತು, ಉಳಿದವು ಕದಲಲಿಲ್ಲ. ಆದರೆ ನನ್ನ ಸ್ಕ್ರಿಪ್ಟ್ ‘ಎಷ್ಟಿವೆ?’ ಎಂದು ಕೇಳಿ, 11 ಎಂಬ ಉತ್ತರ ಬಂದದ್ದಕ್ಕೆ 0ಯಿಂದ 10ರವರೆಗೆ ಮಾತ್ರ ಕೂಗುತ್ತಿತ್ತು. ಖಾಲಿ 4ನ್ನೂ ಕೂಗಿತು, 11ನ್ನು ಕೂಗಲೇ ಇಲ್ಲ. ಖಾಲಿ ಜಾಗದ ಬಗ್ಗೆ ರಾತ್ರಿಗೊಂದು ದೋಷದ ಸಾಲು ದಾಖಲಾಗುತ್ತಿತ್ತು. ನಾನು ತೆರೆದು ನೋಡಲಿಲ್ಲ.

ಮೂರು ವಾರ ಕಳೆದ ಮೇಲೆ ಕೆಟ್ಟದ್ದು ಆ ಕೊನೆಯ ಕಂಪ್ಯೂಟರಿನ ಡಿಸ್ಕೇ. ಅದರಲ್ಲಿದ್ದದ್ದು ಸಂಬಳದ ಲೆಕ್ಕ. ಇಬ್ಬರು ಗುಮಾಸ್ತರು ನಾಲ್ಕು ರಾತ್ರಿ ಕೂತು ಕಾಗದ ನೋಡಿ ಮೂರು ವಾರದ ಲೆಕ್ಕವನ್ನು ಮತ್ತೆ ತುಂಬಿದರು. ನಾನು ಪಕ್ಕದಲ್ಲಿ ಕೂತು ಅಂಕಿ ಓದಿ ಹೇಳುತ್ತಿದ್ದೆ. “ನಮ್ಮದನ್ನೇ ಯಾಕೆ ಸಾರ್ ಬಿಟ್ಟಿತು?” ಎಂದು ಒಬ್ಬರು ಕೇಳಿದರು. ಹಾಜರಿ ಪುಸ್ತಕ ನೆನಪಾದದ್ದು ಆಗ.

ತಿದ್ದಿದ್ದು ಒಂದೇ ಸಾಲು. ಬ್ಯಾಶ್‌ನಲ್ಲಿ ಅರೇಯ ಹೆಸರಿಗೆ ಮೊದಲು # ಹಾಕಿದರೆ ಎಷ್ಟು ಮಂದಿ ಎಂಬ ಲೆಕ್ಕ ಸಿಗುತ್ತದೆ; ! ಹಾಕಿದರೆ ಯಾವ ಯಾವ ಸಂಖ್ಯೆಯವರು ಇದ್ದಾರೆ ಎಂಬುದು ಸಿಗುತ್ತದೆ. ನಾನು ಕೇಳಬೇಕಾಗಿದ್ದದ್ದು ಎರಡನೆಯದನ್ನು.

ಮಧ್ಯಾಹ್ನ ಊಟವಾದ ಮೇಲೆ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹತ್ತನೆಯ ತರಗತಿಯ ಮಕ್ಕಳ ಕೈಯಲ್ಲೇ ಇದನ್ನು ಮಾಡಿಸುತ್ತೇನೆ. ಐದು ಹೆಸರು ಬರೆದುಕೊಂಡು ಬನ್ನಿ. ಮೂರನೆಯದನ್ನು ತೆಗೆದು, ಐದನೆಯವರು ‘ಹಾಜರ್ ಸಾರ್’ ಎನ್ನುತ್ತಾರೋ ಇಲ್ಲವೋ ನೋಡೋಣ.